ಬಸುರಿನಲ್ಲಿ ಆಂಟಿಬಯೋಟಿಕ್ ತಗೊಂಡೆ: ನನ್ನ ಅನುಭವ

ಉರಿ ಇರಲಿಲ್ಲ, ಜ್ವರ ಇರಲಿಲ್ಲ, ಹೊಟ್ಟೆನೋವೂ ಇರಲಿಲ್ಲ. ಆದರೂ ನಾಲ್ಕನೇ ತಿಂಗಳಲ್ಲಿ ಮಾಡಿಸಿದ ಮಾಮೂಲಿ ಯೂರಿನ್ ಕಲ್ಚರ್‌ನಲ್ಲಿ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಇನ್ಫೆಕ್ಷನ್ ಇದೆ ಅಂತ ಬಂತು. ಆಂಟಿಬಯೋಟಿಕ್ ತಗೋಬೇಕಾಗಬಹುದು ಅಂದರು ಡಾಕ್ಟರ್.

"ಏನೂ ತೊಂದರೆ ಇಲ್ಲದಿರುವಾಗ ಸುಮ್ನೆ ಯಾಕೆ ಮಾತ್ರೆ ನುಂಗ್ತೀಯೇ? ಮಗುಗೆ ಏನಾದ್ರೂ ಆದ್ರೆ?" ಅಂದಳು ಅಕ್ಕ. ನನ್ನ ತಲೆಯಲ್ಲೂ ಅದೇ ಓಡ್ತಿತ್ತು. ಅದನ್ನೇ ಡಾಕ್ಟರ್‌ಗೆ ನೇರವಾಗಿ ಕೇಳಿದೆ.

ಬಸುರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಜಾಸ್ತಿಯಾಗಿ ಮೂತ್ರನಾಳಗಳು ಸಡಿಲವಾಗುತ್ತವಂತೆ. ಬೆಳೆಯುವ ಗರ್ಭಕೋಶ ಬೇರೆ ಅವನ್ನು ಒತ್ತುತ್ತದೆ. ಮೂತ್ರ ಸರಾಗವಾಗಿ ಇಳಿಯುವುದಿಲ್ಲ, ಬ್ಯಾಕ್ಟೀರಿಯಾ ಸಲೀಸಾಗಿ ಮೇಲೆ ಹತ್ತುತ್ತದೆ. ಲಕ್ಷಣವೇ ಇಲ್ಲದ ಇಂಥ ಇನ್ಫೆಕ್ಷನ್‌ಗೆ ಬೇರೆ ಹೊತ್ತಿನಲ್ಲಿ ಸಾಮಾನ್ಯವಾಗಿ ಮಾತ್ರೆ ಕೊಡುವುದಿಲ್ಲ. ಬಸುರಿನಲ್ಲಿ ಹಾಗೆ ಬಿಟ್ಟರೆ 100ರಲ್ಲಿ 20ರಿಂದ 30 ಮಂದಿಗೆ ಅದು ಕಿಡ್ನಿವರೆಗೂ ಹೋಗಬಹುದು. ಆಮೇಲೆ ಚಳಿಜ್ವರ, ಆಸ್ಪತ್ರೆ, ಡ್ರಿಪ್. ದಿನ ತುಂಬುವ ಮುಂಚೆಯೇ ಹೆರಿಗೆ ಆಗುವ ಭಯವೂ ಇದೆ. ಮಾತ್ರೆ ತಗೊಳ್ಳದೇ ಇರುವುದಕ್ಕೂ ಅಪಾಯ ಇದೆ ಅಂತ ಅಲ್ಲಿವರೆಗೆ ನನಗೆ ಹೊಳೆದೇ ಇರಲಿಲ್ಲ.

ಖಚಿತ ಮಾಡಿಕೊಳ್ಳೋಕೆ ಇನ್ನೊಂದು ಸ್ಯಾಂಪಲ್ ಕೇಳಿದರು. ಅದನ್ನು ಹಿಡಿಯುವುದನ್ನು ನರ್ಸ್ ಚೆನ್ನಾಗಿ ಹೇಳಿಕೊಟ್ಟರು. ಮೊದಲು ತೊಳೆದುಕೊಳ್ಳಬೇಕು. ಮೊದಲ ಸ್ವಲ್ಪವನ್ನು ಹಾಗೇ ಬಿಟ್ಟು, ನಡುವಿನದ್ದನ್ನು ಮಾತ್ರ ಡಬ್ಬಿಗೆ ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಬೇಗ ಲ್ಯಾಬ್‌ಗೆ ಕೊಡಬೇಕು. ಇಲ್ಲದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆಳೆದು, ಬೇಡದ ಮಾತ್ರೆ ಹೊಟ್ಟೆಗೆ ಹೋಗುತ್ತೆ ಅಲ್ವಾ?

ಎರಡನೇ ರಿಪೋರ್ಟ್‌ನಲ್ಲೂ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ, ಒಂದು ಮಿಲಿಲೀಟರ್ ಮೂತ್ರಕ್ಕೆ 1,00,000ಕ್ಕಿಂತ ಜಾಸ್ತಿ. ಕೆಳಗೆ ಔಷಧಗಳ ಉದ್ದ ಪಟ್ಟಿ, ಪ್ರತಿಯೊಂದರ ಮುಂದೆ 'ಎಸ್' ಅಥವಾ 'ಆರ್'. ಎಸ್ ಅಂದರೆ ಔಷಧ ಕೆಲಸ ಮಾಡುತ್ತೆ, ಆರ್ ಅಂದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ಡಾಕ್ಟರ್ ಪೆನ್ ಹಿಡಿದು ಒಂದೊಂದಾಗಿ ಹೊಡೆದು ಹಾಕುತ್ತಾ ಹೋದರು. ಅಮಾಕ್ಸಿಸಿಲಿನ್ ಬಸುರಿನಲ್ಲಿ ಹೆಚ್ಚು ಬಳಸುವ ಔಷಧವೇ, ಆದರೆ ಆರ್. ಸಿಪ್ರೋಫ್ಲಾಕ್ಸಸಿನ್ ಎಸ್ ಇದ್ದರೂ ಬೇಡ, ಮರಿಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕೀಲಿನ ಮೃದು ಮೂಳೆಗೆ ಹಾನಿ ಕಂಡಿದೆ. ಡಾಕ್ಸಿಸೈಕ್ಲಿನ್ ಅಂತೂ ಬೇಡವೇ ಬೇಡ. ಆ ಗುಂಪಿನ ಔಷಧ ನಾಲ್ಕನೇ ತಿಂಗಳ ನಂತರ ಮಗುವಿನ ಹಲ್ಲಿನ ಬಣ್ಣ ಕೆಡಿಸಬಹುದು. ಟ್ರೈಮೆಥೊಪ್ರಿಮ್ ಫೋಲಿಕ್ ಆಸಿಡ್‌ಗೆ ಅಡ್ಡ ಬರುವುದರಿಂದ ಮೊದಲ ಮೂರು ತಿಂಗಳು ಆಗದು. ನೈಟ್ರೋಫ್ಯುರಾಂಟೋಯಿನ್ ನಡುವಿನ ತಿಂಗಳುಗಳಲ್ಲಿ ಸರಿ, ಹೆರಿಗೆ ಹತ್ತಿರ ಬಂದಾಗ ಬೇಡ. ಉಳಿದವುಗಳಲ್ಲಿ ಕೊನೆಗೆ ಅವರು ಆರಿಸಿದ್ದು ಸೆಫಲೆಕ್ಸಿನ್. ಅದು ಪೆನಿಸಿಲಿನ್‌ಗೆ ಹತ್ತಿರದ ಔಷಧವಾದ್ದರಿಂದ ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ಎರಡೆರಡು ಸಲ ಕೇಳಿ ಅದನ್ನೇ ಬರೆದರು.

ಮನೆಗೆ ಬಂದು ನೆಟ್‌ನಲ್ಲೂ ನೋಡಿದೆ. 'ಕೆಟಗರಿ ಬಿ', 'ಕೆಟಗರಿ ಸಿ' ಅಂತ ಎಲ್ಲೆಲ್ಲೂ ಕಾಣುತ್ತೆ. ಅವು ಬಸುರಿನಲ್ಲಿ ಔಷಧ ಎಷ್ಟು ಸುರಕ್ಷಿತ ಅಂತ ತೋರಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1979ರಲ್ಲಿ ತಂದ ಅಕ್ಷರಗಳು. 2015ರಿಂದ ಆ ಸಂಸ್ಥೆಯೇ ಅವನ್ನು ಕೈಬಿಟ್ಟು, ಪ್ರತಿ ಔಷಧಕ್ಕೂ ವಿವರವಾಗಿ ಬರೆಯುವ ಪದ್ಧತಿಗೆ ಹೋಗಿದೆ. ಒಂದು ಅಕ್ಷರ ನೋಡಿ ಹೆದರುವುದೂ ಬೇಡ, ಧೈರ್ಯ ತಗೊಳ್ಳುವುದೂ ಬೇಡ. ಯಾವ ಔಷಧ, ಯಾವ ತಿಂಗಳು ಅನ್ನುವುದೇ ಮುಖ್ಯ. ಅಕ್ಕನ ಮನೆಯಲ್ಲಿ ಉಳಿದಿದ್ದ ಹಳೇ ಸ್ಟ್ರಿಪ್ ನನಗೆ ಬೇಡ ಅಂದಿದ್ದೂ ಅದಕ್ಕೇ.

ಮಾತ್ರೆಗೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡೆ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರುತ್ತಿತ್ತು, ಊಟದ ನಂತರ ತಗೊಂಡರೆ ಪರವಾಗಿಲ್ಲ. ಕೋರ್ಸ್ ಮುಗಿಯುವ ಹೊತ್ತಿಗೆ ತುರಿಕೆ ಮತ್ತು ಬಿಳಿ ಸ್ರಾವ ಶುರುವಾಯಿತು. ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಫಂಗಸ್ ತಲೆ ಎತ್ತುತ್ತದೆ. ಹೇಳಿಕೊಳ್ಳಲು ನಾಚಿಕೆ ಆಯಿತು ಅನ್ನುವುದು ನಿಜ, ಆದರೂ ಹೇಳಿದೆ. ಹಚ್ಚುವ ಕ್ರೀಮ್ ಕೊಟ್ಟರು, ಹೋಯಿತು.

ಕೋರ್ಸ್ ಮುಗಿದು ಒಂದೆರಡು ವಾರದಲ್ಲಿ ಮತ್ತೆ ಕಲ್ಚರ್ ಮಾಡಿಸಿದೆ, ಏನೂ ಬೆಳೆದಿರಲಿಲ್ಲ. ಇದು ಮರುಕಳಿಸುವ ಜಾತಿಯದ್ದು, ಹಾಗಾಗಿ ಹೆರಿಗೆವರೆಗೂ ಆಗಾಗ ಪರೀಕ್ಷೆ ಮಾಡಿಸುತ್ತಿದ್ದೆ. ನಡುವೆ ಉರಿಮೂತ್ರ, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕ ನೋವು ಅಥವಾ ಚಳಿಜ್ವರ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಬಂದುಬಿಡಿ ಅಂದಿದ್ದರು ಡಾಕ್ಟರ್.