ಆ ಕ್ಷಣದಲ್ಲಿ ಆ್ಯಪ್ ಚಾಲೂ ಇತ್ತೇ? ಡೆಲಿವರಿ ಬೈಕ್ ಅಪಘಾತದ ಅರ್ಜಿಯೊಂದನ್ನು ನಡೆಸಿದ ನನ್ನ ಅನುಭವ

ಮೈಸೂರಿನಲ್ಲಿ ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ನನಗೆ, ಅರ್ಜಿಯ ಎದುರುದಾರರೆಂದರೆ ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಎಂಬುದು ರೂಢಿಯಾಗಿತ್ತು. 2023ರ ಒಂದು ಪ್ರಕರಣ ಆ ರೂಢಿಯನ್ನು ಬಿಡಿಸಿತು.

ಊಟ ತಲುಪಿಸಲು ಹೊರಟಿದ್ದ ಬೈಕೊಂದು, ಕಾಳಿದಾಸ ರಸ್ತೆಯನ್ನು ದಾಟುತ್ತಿದ್ದ 38 ವರ್ಷದ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬರಿಗೆ ಡಿಕ್ಕಿ ಹೊಡೆದು, ಅವರ ಬಲಗಾಲಿನ ಮೂಳೆ ಮುರಿದಿತ್ತು. ಆ ಬೈಕ್ ಇದ್ದದ್ದು ಸವಾರನ ಸೋದರಮಾವನ ಹೆಸರಿನಲ್ಲಿ; ಅವರು ಮದ್ದೂರು ಕಡೆಯ ಸಣ್ಣ ರೈತರು. ವಿಮೆಯ ಅವಧಿ ಅಪಘಾತಕ್ಕೆ ಹನ್ನೊಂದು ದಿನ ಮೊದಲೇ ಮುಗಿದಿತ್ತು. ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಆದ್ದರಿಂದ ವಿಮೆಯಿಲ್ಲದಿದ್ದರೆ ಪರಿಹಾರದ ಹೊರೆ ಅವರ ಮೇಲೆಯೇ ಬೀಳುತ್ತದೆ. ಆ ರೈತರ ವಿರುದ್ಧ ಆದೇಶ ಪಡೆಯುವುದು ಕಷ್ಟವಿರಲಿಲ್ಲ. ಆದರೆ ಅವರಿಂದ ಹಣ ವಸೂಲಾಗುವ ಹಾಗಿರಲಿಲ್ಲ, ಆಗಬೇಕೆಂದು ನನಗೂ ಅನಿಸಲಿಲ್ಲ.

ಸವಾರ ತಾನಾಗಿಯೇ ಗಾಯಾಳುವನ್ನು ನೋಡಲು ಆಸ್ಪತ್ರೆಗೆ ಬಂದಿದ್ದ. "ಸಾರ್, ಆರ್ಡರ್ ತಗೊಂಡೇ ಹೋಗ್ತಿದ್ದೆ, ಲೇಟಾದ್ರೆ ಇನ್ಸೆಂಟಿವ್ ಹೋಗುತ್ತೆ" ಎಂದ. ಆ ಮಾತಿನಿಂದಲೇ ನನಗೆ ದಾರಿ ಕಂಡಿತು. ಕೆಲಸ ಮಾಡಿಸುವವನು ಕೆಲಸದವನ ಮೇಲೆ ನಿಯಂತ್ರಣ ಹೊಂದಿದ್ದು, ಅದೇ ಕೆಲಸದ ನಡುವೆ ತಪ್ಪು ನಡೆದಿದ್ದರೆ, ಆ ತಪ್ಪಿಗೆ ಕೆಲಸ ಮಾಡಿಸುವವನೂ ಉತ್ತರದಾಯಿ ಎಂಬುದು ಹಳೆಯ ತತ್ತ್ವ. ಹಾಗಾಗಿ ಡೆಲಿವರಿ ಕಂಪನಿಯನ್ನೂ ಎದುರುದಾರನನ್ನಾಗಿ ಸೇರಿಸಿ, ಪರಿಹಾರ ಕೋರಲು ಅವಕಾಶ ಕೊಡುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಅಡಿಯಲ್ಲಿ ಅರ್ಜಿ ಹಾಕಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಉಪವಿಧಿಯಂತೆ ಅದಕ್ಕೆ ಅಪಘಾತದ ದಿನದಿಂದ 6 ತಿಂಗಳ ಗಡುವಿತ್ತು.

ಎಲ್ಲಕ್ಕಿಂತ ತುರ್ತಾಗಿದ್ದದ್ದು ಸಾಕ್ಷ್ಯ. ಎಫ್‌ಐಆರ್‌ನಲ್ಲಾಗಲಿ ಸ್ಥಳ ಮಹಜರಿನಲ್ಲಾಗಲಿ ಬೈಕಿನ ನಂಬರ್ ಇತ್ತೇ ಹೊರತು ಡೆಲಿವರಿಯ ಪ್ರಸ್ತಾಪವೇ ಇರಲಿಲ್ಲ. ಅಪಘಾತದ ಬಳಿಕ ಕಂಪನಿ ಆ್ಯಪ್‌ನಲ್ಲಿ ಸವಾರನ ಐಡಿಯನ್ನು ಬ್ಲಾಕ್ ಮಾಡಿತ್ತು. ಅದೃಷ್ಟಕ್ಕೆ ಅಂದಿನ ಆರ್ಡರಿನ ಸ್ಕ್ರೀನ್‌ಶಾಟ್ ಅವನ ಫೋನಿನಲ್ಲಿ ಉಳಿದಿತ್ತು. ಅದನ್ನು, ವಿದ್ಯುನ್ಮಾನ ದಾಖಲೆಗೆ ಆಗ ಬೇಕಿದ್ದ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಿದೆ. ಆರ್ಡರ್ ಸ್ವೀಕರಿಸಿದ ಸಮಯ, ಹೋಟೆಲಿನಿಂದ ಹೊರಟ ಸಮಯ, ಸಾಗಿದ ದಾರಿ ಇವುಗಳ ದಾಖಲೆಯನ್ನು ಅಳಿಸದೆ ಕಾಯ್ದಿರಿಸುವಂತೆ ಕಂಪನಿಗೆ ನೋಟಿಸ್ ಕಳುಹಿಸಿದೆ. ಬಳಿಕ ಅವುಗಳನ್ನು ಹಾಜರುಪಡಿಸಲು ಆದೇಶಿಸುವಂತೆ ಪ್ರಕರಣ ನಡೆಯುತ್ತಿದ್ದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಪ್ರತ್ಯೇಕ ಅರ್ಜಿ ಕೊಟ್ಟೆ.

ಸವಾರ ನಮ್ಮ ನೌಕರನಲ್ಲ, ಸ್ವತಂತ್ರ 'ಪಾರ್ಟ್ನರ್' ಎಂಬುದು ಕಂಪನಿಯ ವಾದವಾಗಿತ್ತು. ಒಪ್ಪಂದದ ಕಾಗದದಲ್ಲಿ ಹಾಗೆ ಬರೆದಿದ್ದದ್ದು ನಿಜ. ಆದರೆ ದರ ನಿಗದಿ ಮಾಡುವವರು, ಸಮಯ ಎಣಿಸುವವರು, ತಡವಾದರೆ ಹಣ ಕಡಿತ ಮಾಡುವವರು, ಬೇಡವೆಂದಾಗ ಐಡಿ ಬ್ಲಾಕ್ ಮಾಡುವವರು ಯಾರು ಎಂದು ಪಾಟೀಸವಾಲಿನಲ್ಲಿ ಕೇಳಿದಾಗ, ಅವರ ಸಾಕ್ಷಿಯ ಪ್ರತಿಯೊಂದು ಉತ್ತರವೂ ಕಂಪನಿಯತ್ತಲೇ ಬೆರಳು ತೋರಿತು.

ಪರಿಹಾರದ ಮೊತ್ತದ ವಿಚಾರವನ್ನೂ ಹೇಳಬೇಕು. ವೈದ್ಯರು ಇಡೀ ದೇಹಕ್ಕೆ ಶೇ. 10ರಷ್ಟು ಅಂಗವೈಕಲ್ಯವೆಂದು ಹೇಳಿದ್ದರು. ಆದರೆ ಕಾಲಿನಿಂದ ಯಂತ್ರ ತುಳಿದು ಬದುಕುವವರಿಗೆ ಬಲಗಾಲಿನ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಅಂಗವೈಕಲ್ಯದಿಂದ ಗಳಿಕೆಗೆ ಆಗುವ ಹಾನಿಯನ್ನು ಗಾಯಾಳುವಿನ ಕಸುಬನ್ನು ನೋಡಿಯೇ ಅಳೆಯಬೇಕೆಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಆಧರಿಸಿ, ಆ ವಯಸ್ಸಿಗೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪು ಗೊತ್ತುಪಡಿಸಿದ 15ರ ಗುಣಕವನ್ನು (ವರ್ಷದ ಗಳಿಕೆಯ ನಷ್ಟವನ್ನು ಗುಣಿಸುವ ಸಂಖ್ಯೆ) ಹಿಡಿದು ಲೆಕ್ಕ ಕೊಟ್ಟೆ.

ವಾದ ಮಂಡನೆಯ ಹಂತಕ್ಕೆ ಬರುವಷ್ಟರಲ್ಲಿ ಕಂಪನಿ, ಹೊಣೆಯನ್ನು ಒಪ್ಪಿಕೊಳ್ಳದೆಯೇ, ಲೋಕ ಅದಾಲತ್‌ನಲ್ಲಿ ರಾಜಿಗೆ ಬಂದಿತು. ಎರಡನೆಯ ಶಸ್ತ್ರಚಿಕಿತ್ಸೆಗೆ ಹಣ ತಕ್ಷಣ ಬೇಕಿದ್ದುದರಿಂದ ನನ್ನ ಕಕ್ಷಿದಾರರು ಒಪ್ಪಿದರು, ಅದು ಸರಿಯಾದ ನಿರ್ಧಾರವೇ ಆಗಿತ್ತು. ಆದರೂ ಹೊಣೆಯ ಪ್ರಶ್ನೆಗೆ ತೀರ್ಪು ಸಿಗದೆ ಹೋದ ನೋವು ನನಗಿದೆ. ಗಿಗ್ ಕಾರ್ಮಿಕರ, ಅಂದರೆ ಇಂಥ ಆ್ಯಪ್‌ಗಳ ಮೂಲಕ ದುಡಿಯುವವರ, ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದದ್ದು ಸ್ವಾಗತಾರ್ಹ, ಆದರೆ ಅದು ಸವಾರನ ಕಲ್ಯಾಣಕ್ಕಾಗಿ ಇರುವ ಕಾಯ್ದೆ. ರಸ್ತೆಯಲ್ಲಿ ಗಾಯಗೊಂಡ ಪಾದಚಾರಿಗೆ ಯಾರು ಉತ್ತರದಾಯಿ ಎಂಬುದು ಅದರ ವಿಷಯವಲ್ಲ. ಹುಣಸೂರು ರಸ್ತೆಯಲ್ಲಿ ನಡೆದ ಇನ್ನೊಂದು ಅಪಘಾತದ ಪ್ರಕರಣದಲ್ಲಿ ಇದೇ ವಾದವನ್ನು ಮತ್ತೆ ಎತ್ತಿದ್ದೇನೆ; ಸದ್ಯ ಸಾಕ್ಷಿ ವಿಚಾರಣೆ ನಡೆಯುತ್ತಿದೆ.