ಕ್ಲಚ್ ಕೇಬಲ್ ಬಿಸಿಯಾಗಿತ್ತು: ಹಳೇ ಮಾರುತಿ 800ರ ಕಾಯಿಲೆ ಹುಡುಕಿದ ನನ್ನ ಅನುಭವ

ನಮ್ಮ ಮನೆಯಲ್ಲಿರುವುದು 2003ರ ಮಾರುತಿ 800. ಮೂರು ಸಿಲಿಂಡರು, 796 ಸಿಸಿ. ಸಾಗರದ ಹತ್ತಿರದ ನಮ್ಮ ತೋಟದ ದಾರಿಯಲ್ಲೂ, ಹೊನ್ನಾವರಕ್ಕೆ ಇಳಿಯುವ ಗೇರುಸೊಪ್ಪೆಯ ಘಾಟಿಯಲ್ಲೂ ಇಪ್ಪತ್ತು ವರ್ಷಕ್ಕೂ ಮೇಲೆ ಓಡಾಡಿದೆ. ಮೆಕ್ಯಾನಿಕ್ ಕೆಲಸ ನಾನು ಕಲಿತವನಲ್ಲ, ಅಡಿಕೆ ಬೆಳೆಗಾರ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೈಕೊಟ್ಟಾಗಲೆಲ್ಲ ಪೇಟೆಯಿಂದ ಜನ ಬರುವ ತನಕ ಕಾಯಲಾಗದೆ ಮಲ್ಟಿಮೀಟರ್ ಹಿಡಿಯುವುದನ್ನು ಕಲಿತುಕೊಂಡಿದ್ದೆ. ಅದೇ ಮೀಟರ್ ಕಾರಿಗೂ ಆಗಿಬಂತು.

2019ರ ಮಳೆಗಾಲದಲ್ಲಿ ಶುರುವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ತಿರುಗುವುದಿಲ್ಲ. ನಾಲ್ಕೈದು ಸಲ ತಿರುಗಿಸಿದರೆ ಒಮ್ಮೆ ಹೊಡೆದುಕೊಳ್ಳುತ್ತದೆ. ಮೊದಲ ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆ ಎಂದರು. ಹೊಸದು ಹಾಕಿಸಿದೆ, 3,800 ರೂಪಾಯಿ. ಹತ್ತು ದಿನ ಚೆನ್ನಾಗಿತ್ತು, ಮತ್ತೆ ಅದೇ 'ಟಕ್'. ಎರಡನೇ ಕಡೆ ಸೆಲ್ಫ್ ಮೋಟರ್ ಬಿಚ್ಚಿ, ಬ್ರಷ್ ಬದಲಿಸಿ 1,600 ತೆಗೆದುಕೊಂಡರು. ಎರಡು ವಾರ ಸುಮ್ಮನಿತ್ತು. ಇದರ ನಡುವೆ ಕ್ಲಚ್ ಬಿಗಿಯಾಗತೊಡಗಿ, ಒಂದೇ ವರ್ಷದಲ್ಲಿ ಎರಡು ಸಲ ಕ್ಲಚ್ ಕೇಬಲ್ ಬದಲಾಯಿತು. ಅದು ಬೇರೆಯೇ ತೊಂದರೆ ಎಂದುಕೊಂಡಿದ್ದೆವು. ಮೇಸ್ತ್ರಿಯೂ ಹಾಗೇ ಹೇಳಿದ್ದರು.

ಒಂದು ದಿನ ಸುರಿಯುವ ಮಳೆಯಲ್ಲಿ ಕೊಟ್ಟಿಗೆಯ ಮಾಡಿನಡಿ ಗಾಡಿ ನಿಲ್ಲಿಸಿ, ನಾನೇ ನೋಡುತ್ತೇನೆ ಎಂದು ಬಾನೆಟ್ ಎತ್ತಿದೆ. ಮಗನನ್ನು ಒಳಗೆ ಕೂರಿಸಿ, ಹೇಳಿದಾಗೆಲ್ಲ ಕೀ ತಿರುಗಿಸು ಎಂದೆ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡು ಗೂಟಕ್ಕೆ ಮುಟ್ಟಿಸಿದೆ: 12.6. ಬ್ಯಾಟರಿ ತುಂಬಿದೆ. ಈಗ ಕೀ ತಿರುಗಿಸು ಎಂದೆ. 'ಟಕ್'. ಮೀಟರ್ 11.4ಕ್ಕೆ ಇಳಿದು ಅಲ್ಲೇ ನಿಂತಿತು.

ಆ 11.4ರ ಮುಂದೆ ನಾನು ಬಹಳ ಹೊತ್ತು ನಿಂತೆ. ಬ್ಯಾಟರಿ ಸತ್ತಿದ್ದರೆ ಸೆಲ್ಫ್ ಹೊಡೆಯುವಾಗ ಅದು 9ಕ್ಕಿಂತ ಕೆಳಗೆ ಕುಸಿಯಬೇಕಿತ್ತು. ಸೆಲ್ಫ್ ಜಾಮ್ ಆಗಿದ್ದರೂ ವಿಪರೀತ ಕರೆಂಟ್ ಎಳೆದು ವೋಲ್ಟೇಜ್ ಬೀಳಿಸುತ್ತಿತ್ತು. ಇಲ್ಲಿ ಎರಡೂ ಆಗಿಲ್ಲ. ಬ್ಯಾಟರಿಯಲ್ಲಿ ಶಕ್ತಿ ಇದೆ, ಆದರೆ ಅದು ಸೆಲ್ಫ್‌ವರೆಗೆ ಹೋಗಿ ವಾಪಸ್ ಬರುತ್ತಿಲ್ಲ. ತೋಟದಲ್ಲಿ ಪಂಪು ಸರಿಯಿದ್ದು ಪೈಪು ಕಟ್ಟಿಕೊಂಡರೆ ಹೇಗೋ ಹಾಗೆ.

ಹೋಗುವ ದಾರಿ ಮೊದಲು ನೋಡಿದೆ. ಬ್ಯಾಟರಿಯ ಪಾಸಿಟಿವ್ ಗೂಟದಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ ಮೀಟರ್ ಇಟ್ಟು ಕೀ ತಿರುಗಿಸಿದಾಗ 0.2 ವೋಲ್ಟ್ ಮಾತ್ರ. ಅಂದರೆ ಆ ವೈರಿನಲ್ಲಿ ಏನೂ ನಷ್ಟವಾಗುತ್ತಿಲ್ಲ. ಬರುವ ದಾರಿ ಉಳಿಯಿತು. ಒಂದು ತುದಿ ಬ್ಯಾಟರಿಯ ನೆಗೆಟಿವ್ ಗೂಟಕ್ಕೆ, ಇನ್ನೊಂದು ತುದಿ ಎಂಜಿನ್‌ನ ಬರಿಯ ಲೋಹಕ್ಕೆ. ಕೀ ತಿರುಗಿಸಿದ. 4.1 ವೋಲ್ಟ್. ಅಲ್ಲಿ ಹೆಚ್ಚೆಂದರೆ 0.2, 0.3 ಇರಬೇಕು. ನಾಲ್ಕು ವೋಲ್ಟು ದಾರಿಯಲ್ಲೇ ಸೋರಿ ಹೋಗುತ್ತಿತ್ತು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಅದಕ್ಕೇ ಬ್ಯಾಟರಿಯ ನೆಗೆಟಿವ್‌ನಿಂದ ಕಾರಿನ ಬಾಡಿಯ ಲೋಹಕ್ಕೆ ಒಂದು ಸಣ್ಣ ವೈರು, ಗೇರ್‌ಬಾಕ್ಸ್‌ಗೆ ಒಂದು ದಪ್ಪ ವೈರು ಕೊಟ್ಟಿರುತ್ತಾರೆ. ಅರ್ತಿಂಗ್ ವೈರು ಎನ್ನುವುದು ಇದನ್ನೇ. ಆ ದಪ್ಪದ ದಾರಿ ಕೆಟ್ಟರೆ ಕರೆಂಟ್ ಸುಮ್ಮನಿರುವುದಿಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಲೋಹದ್ದು ಏನು ಸಿಗುತ್ತದೋ ಅದರೊಳಗೆ ನುಗ್ಗುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಇನ್ನೇನು ಲೋಹ ಇದೆ? ಕ್ಲಚ್ ಕೇಬಲ್. ಆಕ್ಸಿಲರೇಟರ್ ಕೇಬಲ್.

ಕೈ ಹಾಕಿ ಕ್ಲಚ್ ಕೇಬಲ್ ಮುಟ್ಟಿದೆ. ಎಂಜಿನ್ ರಾತ್ರಿಯಿಡೀ ತಣ್ಣಗೆ ನಿಂತಿದೆ, ಮಳೆಗಾಳಿಗೆ ಬಾನೆಟ್ಟೂ ತಣ್ಣಗಿದೆ, ಕೇಬಲ್ ಮಾತ್ರ ಬೆಚ್ಚಗಿತ್ತು. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಹೊರಗಿನ ಪ್ಲಾಸ್ಟಿಕ್ ಮೆತ್ತಗಾಗಿ ಗುಳ್ಳೆ ಎದ್ದಿತ್ತು. ಸೆಲ್ಫ್ ಎಳೆಯುವ ಕರೆಂಟೆಲ್ಲ ಆ ತೆಳ್ಳನೆ ತಂತಿಯಲ್ಲಿ ಹೋಗಿ, ಒಳಗಿನ ಲೈನಿಂಗ್ ಕರಗಿ, ಕೇಬಲ್ ಹಿಡಿದುಕೊಳ್ಳುತ್ತಿತ್ತು. ಸ್ಟಾರ್ಟ್ ಆಗದಿದ್ದುದೂ ಕ್ಲಚ್ ಬಿಗಿಯಾದದ್ದೂ ಒಂದೇ ಕಾಯಿಲೆ. ಎರಡು ಗ್ಯಾರೇಜಿಗೆ ಎರಡು ದೂರನ್ನು ಬೇರೆಬೇರೆಯಾಗಿ ಒಯ್ದಿದ್ದೆ. ಎರಡನ್ನೂ ಒಟ್ಟಿಗೆ ಯಾರ ಮುಂದೂ ಇಟ್ಟಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಎಂಜಿನ್ ಎತ್ತುವ ಕೊಕ್ಕೆಗೆ ಕಚ್ಚಿಸಿದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಆಮೇಲೆ ಗೇರ್‌ಬಾಕ್ಸ್ ಮೇಲಿನ ಬೋಲ್ಟ್ ಬಿಚ್ಚಿದರೆ, ಮೇಲಿಂದ ಬಿಗಿಯಾಗಿಯೇ ಕಾಣುತ್ತಿದ್ದ ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಪುಡಿ, ವೈರಿನ ಎಳೆಗಳು ಸಿಪ್ಪೆಯೊಳಗೇ ತಿಂದುಹೋಗಿದ್ದವು. ಹೊಸ ಅರ್ತಿಂಗ್ ವೈರಿಗೆ 180 ರೂಪಾಯಿ. ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆ. ಮತ್ತೆ ಅಳೆದಾಗ 0.15. ಬ್ಯಾಟರಿ ಈಗ ಸೆಲ್ಫ್ ಹೊಡೆಯುವಾಗ 10.4ಕ್ಕೆ ಇಳಿಯುತ್ತಿತ್ತು. ಇಳಿದದ್ದನ್ನು ನೋಡಿ ಸಮಾಧಾನವಾಯಿತು, ಅಂತೂ ಸೆಲ್ಫ್‌ಗೆ ಕರೆಂಟ್ ಹೋಗುತ್ತಿದೆ ಅಂತ.

ಆವತ್ತಿನಿಂದ ಗಾಡಿಯ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೋಟ್‌ಬುಕ್ ಇದೆ. ಏನಾಯಿತು ಅನ್ನುವುದಕ್ಕಿಂತ ಯಾವಾಗ ಆಯಿತು ಎಂದು ಬರೆಯುತ್ತೇನೆ. ತಣ್ಣಗಿದ್ದಾಗಲೋ, ಕಾದ ಮೇಲೋ, ಏರಿನಲ್ಲೋ, ತಿರುವಿನಲ್ಲೋ, ಬ್ರೇಕ್ ಒತ್ತಿದಾಗಲೋ.

ಆ ಅಭ್ಯಾಸ ಘಾಟಿಯಲ್ಲಿ ಕೆಲಸಕ್ಕೆ ಬಂತು. ಹೊನ್ನಾವರದಿಂದ ವಾಪಸ್ ಬರುವಾಗ ಗೇರುಸೊಪ್ಪೆ ದಾಟಿ ಏರು ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಮಾವಿನಗುಂಡಿ ತಲುಪಿ ತಾಳಗುಪ್ಪದ ಸಪಾಟು ರಸ್ತೆ ಹಿಡಿದರೆ ತಾನಾಗಿ ಕೆಳಗಿಳಿಯುತ್ತಿತ್ತು. ನಿಧಾನ ಹೋಗುವಾಗ ಕಾದು, ವೇಗವಾಗಿ ಹೋಗುವಾಗ ತಣ್ಣಗಾದರೆ ಮೊದಲು ಅನುಮಾನಿಸಬೇಕಾದದ್ದು ಫ್ಯಾನನ್ನು, ಯಾಕೆಂದರೆ ವೇಗದಲ್ಲಿ ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಇದಕ್ಕೆ ಉಲ್ಟಾ, ಸಪಾಟಿನಲ್ಲಿ 70, 80ರಲ್ಲಿ ಹೋಗುವಾಗಲೇ ಕಾದರೆ ರೇಡಿಯೇಟರ್ ಒಳಗೆ ಕಟ್ಟಿದೆಯೋ, ನೀರು ಸರಿಯಾಗಿ ತಿರುಗುತ್ತಿಲ್ಲವೋ ನೋಡಬೇಕು. ಎಂಜಿನ್ ಆಫ್ ಮಾಡಿ, ಫ್ಯಾನಿನ ಸಾಕೆಟ್ ಬಿಡಿಸಿ ಬ್ಯಾಟರಿಯಿಂದ ನೇರ ಎರಡು ವೈರು ಕೊಟ್ಟೆ. ಫ್ಯಾನ್ ಗಿರ್ರೆಂದು ತಿರುಗಿತು. ಮೋಟರ್ ಸರಿಯಿದೆ, ತೊಂದರೆ ಅದಕ್ಕೂ ಹಿಂದೆ. ಫ್ಯೂಸು, ರಿಲೇ (ಕರೆಂಟಿನಿಂದಲೇ ಒತ್ತಿಕೊಳ್ಳುವ ಸ್ವಿಚ್ಚು) ಅಂತ ಹಿಂದಕ್ಕೆ ಹೋಗುವ ಮೊದಲು ಸಾಕೆಟ್ಟಿನ ಒಳಗೇ ಇಣುಕಿದೆ: ಒಂದು ಪಿನ್ ಹಸಿರುಗಟ್ಟಿತ್ತು. ನಮ್ಮ ಮಳೆಗೂ ಕರಾವಳಿಯ ಉಪ್ಪುಗಾಳಿಗೂ ಹಳೇ ಗಾಡಿಯ ವೈರಿಂಗ್ ಮೊದಲು ಸೋಲುವುದು ಇಂಥ ಕೂಡುಜಾಗಗಳಲ್ಲೇ.

ಇದೇ ಕಾಯಿಲೆಗೆ ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ಥರ್ಮೋಸ್ಟಾಟನ್ನೇ, ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಕವಾಟವನ್ನೇ, ಕಿತ್ತು ಬಿಸಾಡಿದ್ದರು. ಇನ್ನು ಕಾಯುವುದಿಲ್ಲ ಬಿಡಿ ಎಂದರು. ಈ ಪದ್ಧತಿ ನಮ್ಮಲ್ಲಿ ಬಹಳ ಇದೆ, ನನಗೆ ಇದು ತುಂಬಾ ಬೇಸರದ ವಿಷಯ. ಥರ್ಮೋಸ್ಟಾಟ್ ಇಲ್ಲದಿದ್ದರೆ ಮಲೆನಾಡಿನ ಚಳಿಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ. ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹೊಸದನ್ನು ತಂದು ಹಾಕುವ ಮೊದಲು ಪರೀಕ್ಷೆ ಮಾಡಿದೆ. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟರೆ, ನೀರು ಕುದಿಯುವುದಕ್ಕೆ ಸಾಕಷ್ಟು ಮುಂಚೆಯೇ ಬಾಯಿ ತೆರೆಯಬೇಕು. ಎಷ್ಟು ಡಿಗ್ರಿಗೆ ತೆರೆಯಬೇಕೆಂದು ಅದರ ಮೇಲೇ ಕೆತ್ತಿರುತ್ತದೆ, ನನ್ನದರಲ್ಲಿ 82 ಎಂದಿತ್ತು. ಬಾಯಿ ತೆರೆಯಿತು, ಪಾತ್ರೆ ಕೆಳಗಿಟ್ಟ ಮೇಲೆ ನಿಧಾನ ಮುಚ್ಚಿಕೊಂಡಿತು. ನಲ್ಲಿ ನೀರು ಚೆಲ್ಲಿ, ಕೂಲೆಂಟ್ ತುಂಬಿಸಿದೆ. ಕಾದ ರೇಡಿಯೇಟರಿನ ಮುಚ್ಚಳ ಮಾತ್ರ ಯಾವ ಅವಸರದಲ್ಲೂ ತೆಗೆಯಬಾರದು. ಒಳಗೆ ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ.

ಎಂಜಿನ್ನಿನ ಹೆಡ್ಡಿನಡಿ ಕೂತು ನೀರು, ಆಯಿಲ್, ಗಾಳಿ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಹೆದರಿಸುವವರೂ ಇದ್ದಾರೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಒಳಗಡೆ ಬೆಣ್ಣೆಯಂತೆ ಮೆತ್ತಿದ್ದನ್ನು ತೋರಿಸಿ, ನೀರು ಆಯಿಲಿಗೆ ಸೇರಿದೆ, ಎಂಜಿನ್ ಇಳಿಸಬೇಕು ಎಂದು ನನಗೂ ಹೇಳಿದ್ದರು. ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಆ ಬೆಣ್ಣೆ ಬರಿಯ ತೇವದಿಂದಲೂ ಕಟ್ಟುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದೆ, ಆಯಿಲ್ ಶುದ್ಧ ಕಂದು, ಹಾಲುಹಾಲಾಗಿಲ್ಲ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ನೀರನ್ನೇ ನೋಡುತ್ತ ನಿಂತೆ. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗಾಳಿ ನುಗ್ಗಿ ಬಿಡದೆ ಗುಳ್ಳೆ ಏಳುತ್ತದೆ. ಮೊದಲು ನಾಲ್ಕು ಗುಳ್ಳೆ ಬಂದು ನಿಂತವು. ಕೂಲೆಂಟ್ ಡಬ್ಬಿಗೆ ಗೆರೆ ಹಾಕಿ ಹದಿನೈದು ದಿನ ನೋಡಿದೆ, ಕೂದಲೆಳೆಯಷ್ಟೂ ಇಳಿಯಲಿಲ್ಲ. ಸಾಗರದಿಂದ ಶಿವಮೊಗ್ಗಕ್ಕೆ ಒಂದು ಸಲ ಹೋಗಿಬಂದ ಮೇಲೆ ಆ ಬೆಣ್ಣೆಯೂ ಮಾಯ.

ಸದ್ದುಗಳ ವಿಷಯಕ್ಕೆ ಕಿವಿಗಿಂತ ಕೈ ಮೇಲು. ಚಕ್ರದಿಂದ 'ಹೂಂ' ಎಂದು ಬರುವ ಸದ್ದು ಟೈರಿನದೋ ಬೇರಿಂಗಿನದೋ ತಿಳಿಯಲು ಖಾಲಿ ರಸ್ತೆಯಲ್ಲಿ ನಿಧಾನ ಎಡಕ್ಕೂ ಬಲಕ್ಕೂ ತೂಗಿ ನೋಡುತ್ತೇನೆ. ಬಲಕ್ಕೆ ತಿರುಗಿದಾಗ ಭಾರ ಎಡಗಡೆಗೆ ಬೀಳುತ್ತದೆ, ಆಗ ಸದ್ದು ಹೆಚ್ಚಾದರೆ ಎಡ ಚಕ್ರದ ಬೇರಿಂಗ್ ಮೇಲೆ ಅನುಮಾನ. ಮನೆಗೆ ಬಂದು ಜಾಕ್ ಕೊಟ್ಟು, ಭದ್ರವಾಗಿ ಅಡ್ಡ ಇಟ್ಟು, ಒಂದು ಕೈಯಲ್ಲಿ ಸ್ಪ್ರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದರೆ, ಹೋದ ಬೇರಿಂಗಿನ ತರಿತರಿ ಸ್ಪ್ರಿಂಗಿನ ಮೂಲಕ ಬೆರಳಿಗೆ ತಿಳಿಯುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ 'ಕಟ ಕಟ' ಎಂದರೆ ಆಕ್ಸಲ್ ಜಾಯಿಂಟು. ಬಗ್ಗಿ ನೋಡಿದರೆ ಅದರ ರಬ್ಬರ್ ಬೂಟು ಹರಿದು, ರಿಮ್ಮಿನ ಒಳಗೆಲ್ಲ ಗ್ರೀಸ್ ಎರಚಿರುತ್ತದೆ. ಬೂಟು ಹರಿದ ವಾರದಲ್ಲೇ ಕಂಡರೆ ಜಾಯಿಂಟ್ ಉಳಿಯುತ್ತದೆ.

ಹೊಗೆಯ ಬಣ್ಣ ಎಲ್ಲರಿಗೂ ಗೊತ್ತು: ನೀಲಿ ಎಂದರೆ ಆಯಿಲ್, ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು. ನೀಲಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲು, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗು. ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ.

ಬ್ರೇಕಿನಲ್ಲಿ ಮಾತ್ರ ನಾನು ಕಾಯಿಲೆ ಗುರುತಿಸುತ್ತೇನೆ, ರಿಪೇರಿಗೆ ಕೈ ಹಾಕುವುದಿಲ್ಲ. ಪೆಡಲ್ ಒತ್ತಿ ಹಿಡಿದಾಗ ನಿಧಾನ ಕೆಳಗಿಳಿಯುತ್ತಿದ್ದು ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರು ಹೋಗಿದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ರಿಮ್ಮಿನ ಹತ್ತಿರ ಕೈ ಹಿಡಿದಾಗ ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಅಷ್ಟು ತಿಳಿದರೆ ಗಾಡಿ ಅಲ್ಲೇ ನಿಲ್ಲಿಸಿ ಮೇಸ್ತ್ರಿಯನ್ನೇ ಕರೆಸುತ್ತೇನೆ.

2018ರಲ್ಲಿ ಹದಿನೈದು ವರ್ಷವಾದಾಗ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಗಾಡಿಯ ರಿಜಿಸ್ಟ್ರೇಷನ್ ನವೀಕರಿಸಿದೆ. ಮೊದಲ ಸಲ 600 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಅದನ್ನು ಕಟ್ಟುವಾಗ, ಗೊತ್ತಿಲ್ಲದೆ ಬದಲಿಸಿದ ಬ್ಯಾಟರಿಯ ದುಡ್ಡು ನೆನಪಾಯಿತು.

ಕಳೆದ ವರ್ಷ ಪಕ್ಕದ ಮನೆಯ ಹುಡುಗ ತನ್ನ ಹಳೇ ಕಾರು ತಂದ. ಅದರಲ್ಲೂ ಅದೇ 'ಟಕ್'. ನನ್ನ ಕತೆ ಕೇಳಿದ್ದವನು ಅಂಗಡಿಯಿಂದ ಹೊಸ ಅರ್ತಿಂಗ್ ವೈರನ್ನೂ ಕೊಂಡೇ ಬಂದಿದ್ದ. ಮೊದಲು ಅಳೆಯೋಣ ಎಂದೆ. ಎಂಜಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಏನೂ ನಷ್ಟವಿಲ್ಲ. ಕ್ಲಚ್ ಕೇಬಲ್ ಮುಟ್ಟಿದೆ, ತಣ್ಣಗಿತ್ತು. 'ಟಕ್' ಎಂಬ ಸದ್ದಿಗೇ ಕಿವಿ ಕೊಟ್ಟರೆ ಅದು ಸೆಲ್ಫ್‌ನಿಂದ ಬರುತ್ತಿರಲಿಲ್ಲ, ಫ್ಯೂಸ್ ಡಬ್ಬಿಯ ರಿಲೇಯಿಂದ ಬರುತ್ತಿತ್ತು. ಸೆಲ್ಫ್ ಮೇಲಿನ ಸಣ್ಣ ವೈರಿನ, ಅಂದರೆ ಕೀ ತಿರುಗಿಸಿದಾಗ ಸೆಲ್ಫ್‌ಗೆ ಕರೆಂಟಿನ ಸೂಚನೆ ತರುವ ವೈರಿನ, ಟರ್ಮಿನಲ್ ಎಳೆದು ನೋಡಿದೆ. ಅಲುಗಾಟಕ್ಕೆ ಸಡಿಲವಾಗಿ, ಸುಮ್ಮನೆ ತಾಗಿಕೊಂಡಿತ್ತು. ಇಕ್ಕಳದಿಂದ ಒತ್ತಿ ಬಿಗಿ ಮಾಡಿ ಕೂರಿಸಿದೆವು. ಆ ಸಂಜೆ ಅವನು ಅದೇ ಕಾರಿನಲ್ಲಿ ಸಾಗರಕ್ಕೆ ಹೋಗಿ, ಬಿಚ್ಚದ ವೈರನ್ನು ಅಂಗಡಿಗೆ ವಾಪಸ್ ಕೊಟ್ಟು ಬಂದ.