ಎಲ್‌ಎಂ394 ಸಿಗದಿದ್ದಾಗ ನಾನು ಮಾಡಿದ್ದು

ಮಾಡ್ಯುಲರ್ ಸಿಂಥಸೈಜರ್‌ಗೆ (ಬಿಡಿ ಘಟಕಗಳನ್ನು ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್, ಕಟ್ಟುತ್ತಿದ್ದೆ. ನಾನು ಹಿಡಿದ ಹಳೆಯ ಸರ್ಕ್ಯೂಟಿನಲ್ಲಿ ಎಲ್‌ಎಂ394 ಇತ್ತು: ಒಂದೇ ಚಿಪ್ಪಿನೊಳಗೆ ತದ್ರೂಪಿ ಟ್ರಾನ್ಸಿಸ್ಟರ್ ಜೋಡಿ. ಅದರ ತಯಾರಿಕೆ ನಿಂತು ವರ್ಷಗಳೇ ಆದವು. ಅದರ ಬದಲು ಎರಡು ಬಿಡಿ ಬಿ.ಸಿ.547 (ಸಾಮಾನ್ಯ ಟ್ರಾನ್ಸಿಸ್ಟರ್) ಹಾಕಿದೆ, ಫ್ಯಾನ್ ಗಾಳಿ ಬಡಿದರೂ ಶ್ರುತಿ ಜಾರುತ್ತಿತ್ತು.

ಟ್ರಾನ್ಸಿಸ್ಟರಿಗೆ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲು. ಸ್ವರ ಒಂದು ಆಕ್ಟೇವ್ (ಸ್ಥಾಯಿ) ಬದಲಾಗಲು ಬೇಸ್‌ನಲ್ಲಿ ಬರೀ 18 ಮಿಲಿವೋಲ್ಟ್ ಸಾಕು. ಬೇಸ್-ಎಮಿಟರ್ ವೋಲ್ಟೇಜೋ, ಉಷ್ಣತೆ ಒಂದು ಡಿಗ್ರಿ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಜೋಡಿಯ ನಡುವೆ ಒಂದೇ ಡಿಗ್ರಿ ವ್ಯತ್ಯಾಸ ಬಂದರೂ ಅರ್ಧಸ್ವರಕ್ಕಿಂತ ಹೆಚ್ಚು ತಪ್ಪು!

ಐವತ್ತು ಬಿ.ಸಿ.547 ತಂದೆ. ಒಂದೊಂದರ ಬೇಸ್, ಕಲೆಕ್ಟರ್ ಸೇರಿಸಿ, 12 ವೋಲ್ಟ್‌ನಿಂದ 100 ಕಿಲೋ ಓಮ್ ಮೂಲಕ ಕರೆಂಟ್ ಹರಿಸಿ ವೋಲ್ಟೇಜ್ ಅಳೆದೆ. ಬೆರಳು ತಾಗಿದರೆ ರೀಡಿಂಗ್ ಇಳಿಯುತ್ತದೆ, ಹಾಗಾಗಿ ಪ್ರತಿ ಸಲ ಎರಡು ನಿಮಿಷ ಕಾದೆ. ಇಲ್ಲಿ ಅವಸರ ಮಾಡಲೇಬೇಡಿ. ಅರ್ಧ ಮಿಲಿವೋಲ್ಟ್ ಒಳಗೆ ಹೊಂದಿದ ಜೋಡಿಯ ಚಪ್ಪಟೆ ಮುಖಗಳಿಗೆ ಥರ್ಮಲ್ ಪೇಸ್ಟ್ ಹಚ್ಚಿ, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿ ಬಿಗಿದೆ.

ಇನ್ನೊಂದು ತೊಂದರೆ ಉಳಿದಿತ್ತು: ಆ 18 ಮಿಲಿವೋಲ್ಟಿನ ಆಕ್ಟೇವ್ ಅಳತೆಯೇ ಡಿಗ್ರಿಗೆ ಶೇ. 0.33ರಷ್ಟು ಬದಲಾಗುತ್ತದೆ. ಅದಕ್ಕೆ 3300 ಪಿಪಿಎಂ ಟೆಂಪ್ಕೋ ರೆಸಿಸ್ಟರ್ (ಬಿಸಿಯಾದಂತೆ ಡಿಗ್ರಿಗೆ ಅಷ್ಟೇ, ಶೇ. 0.33ರಷ್ಟು ರೋಧ ಏರುವ ರೆಸಿಸ್ಟರ್) ಅನ್ನು ಜೋಡಿಗೆ ಅಂಟಿಸಿಯೇ ಕೂರಿಸಿದೆ. ಇಪ್ಪತ್ತು ನಿಮಿಷ ಬೆಚ್ಚಗಾದ ಮೇಲೆ ನಾಲ್ಕು ಆಕ್ಟೇವ್‌ಗಳೂ ತಂಬೂರಿಗೆ ಸೇರಿದವು.